ಮಲಗಿ ಹೋಗುವವರು: ಕಿಟಕಿಯ ಪಕ್ಕದ ಹಾಸಿಗೆ

ಭಾನುಪ್ರಿಯ ಚಪ್ಪಲಿ ಬಿಚ್ಚಿ ಮಂಚದಡಿಗೆ ತಳ್ಳಿದಳು. ಸತ್ತವಳ ಹಾಸಿಗೆಯ ಮೇಲೆ ಕಾಲು ಚಾಚಿ, ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಸ್ಟೀಲ್ ಟ್ರೇಯ ಸದ್ದು ಹತ್ತಿರ ಬಂತು. ಸಿಸ್ಟರ್ ಅವಳ ಎಡಗೈಯನ್ನು ಎತ್ತಿ, ಗ್ಲೂಕೋಸ್ ನಳಿಗೆಯ ತುದಿಯನ್ನು ಮಣಿಕಟ್ಟಿನ ಮೇಲಿಟ್ಟು, ಸೂಜಿಯನ್ನೇ ಚುಚ್ಚದೆ ಮೇಲೊಂದು ಬಿಳಿ ಪಟ್ಟಿ ಅಂಟಿಸಿದಳು.

“ಚಿಕ್ಕಲಕ್ಷ್ಮಮ್ಮ ಅಲ್ವಾ?”

“ಹೂಂ.”

“ವಯಸ್ಸು ಐವತ್ತೆಂಟು.”

“ಹೂಂ.”

“ಜ್ವರ ಐತಾ?”

“ಇಲ್ಲ.”

“ಇಲ್ಲ ಅನ್ಬಾರ್ದು. ಒಸಿ ಐತೆ ಅನ್ನಿ.”

“ಒಸಿ ಐತೆ.”

ಟ್ರೇಯ ಸದ್ದು ಮುಂದಿನ ಮಂಚಕ್ಕೆ ಹೋಯಿತು. ಸಿಸ್ಟರ್ ಅವಳ ಮುಖವನ್ನು ನೋಡಲೇ ಇಲ್ಲ. ಇನ್ನೂ ಮೂವತ್ತು ದಾಟದ ಭಾನುಪ್ರಿಯಳ ಕೈ ನೋಡನೋಡುತ್ತಲೇ ಐವತ್ತೆಂಟರ ಕೈಯಾಗಿ, ಆ ಕೈಗೆ ಒಸಿ ಜ್ವರವೂ ಬಂದಾಗಿತ್ತು.

ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ಬೈರಾಪಟ್ಟಣದ ಚಿಕ್ಕಲಕ್ಷ್ಮಮ್ಮ ಆಷಾಢದಲ್ಲೇ ಮಣ್ಣಾಗಿದ್ದಳು. ಈಗ ಕಾರ್ತೀಕ. ಈ ನಡುವೆಯೂ ಆಕೆ ತಿಂಗಳಿಗೊಮ್ಮೆ ಹೆದ್ದಾರಿ ಪಕ್ಕದ ಈ ನರ್ಸಿಂಗ್ ಹೋಮಿಗೆ ಬಂದು, ಒಂದು ದಿನ ಮಲಗಿ, ಮಾತ್ರೆ ತೆಗೆದುಕೊಂಡು ಹೋಗುತ್ತಲೇ ಇದ್ದಳು. ವಿಮಾ ಕಂಪನಿಗಳ ಪರವಾಗಿ ಆಸ್ಪತ್ರೆ ಬಿಲ್ಲುಗಳ ಸುಳ್ಳು ನಿಜ ಹುಡುಕುವುದು ಭಾನುಪ್ರಿಯಳ ಕೆಲಸ. ಹೋದ ವಾರ ಬೈರಾಪಟ್ಟಣದ ಹೊಲದಂಚಿನಲ್ಲಿ ಆಕೆಯ ಸಮಾಧಿಯ ಮೇಲೆ ಚಿಗುರಿದ್ದ ಹುಲ್ಲನ್ನು ಮುಟ್ಟಿ ನೋಡಿ ಬಂದಿದ್ದಳು. ನೋಡದೆ ಉಳಿದದ್ದು ಈ ಹಾಸಿಗೆ ಮಾತ್ರ.

ಬೆಳಗ್ಗೆ ಬಸ್ಸು ಬಿಡದಿ ದಾಟುವಾಗ ಬೆಂಗಳೂರಿನಿಂದ ಮೇಲಧಿಕಾರಿ ಮನೋಹರ್ ಫೋನು ಮಾಡಿದ್ದರು.

“ಆ ಹೆಂಗಸಿನ ಜಾಗದಲ್ಲಿ ಮಲಗ್ತಾ ಇರೋರು ಯಾರು ಅಂತ ಹೆಸರು ಹಿಡ್ಕೊಂಡು ಬಾ, ಸಾಕು. ಸಂಜೆಗೆ ಆ ನರ್ಸಿಂಗ್ ಹೋಮಿನ ಎಲ್ಲಾ ಕ್ಲೈಮೂ ನಿಲ್ಲಿಸಿಬಿಡ್ತೀವಿ.”

“ಎಲ್ಲಾದೂ ಯಾಕೆ ಸಾರ್? ನಿಜವಾಗಿ ಕಾಯಿಲೆ ಇರೋರೂ ಇರ್ತಾರಲ್ಲ.”

“ಇರ್ತಾರಮ್ಮ. ಯಾರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?”

ಆ ಪ್ರಶ್ನೆಗೆ ಉತ್ತರ ಹುಡುಕುವುದೇ ತಮ್ಮ ಕೆಲಸವಲ್ಲವೇ ಎಂದು ಅವಳು ಕೇಳುವಷ್ಟರಲ್ಲಿ ರಾಮನಗರದ ಬಂಡೆಗಳು ಬಂದು ಸಿಗ್ನಲ್ ಕಡಿದು ಹೋಗಿತ್ತು.

ಅವಳು ರೆಪ್ಪೆಯ ಸಂದಿಯಿಂದ ಸುತ್ತ ನೋಡಿದಳು. ಇದು ಹಿಂದೆ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ. ಚೀನಾ ರೇಷ್ಮೆ ಬಂದು ಅದು ಮುಚ್ಚಿದ ಮೇಲೆ ಬಿಸಿನೀರಿನ ತೊಟ್ಟಿಗಳನ್ನು ಕಿತ್ತು, ಅವು ಇದ್ದ ಸಾಲಿನಲ್ಲೇ ಮಂಚ ಹಾಕಿದ್ದರು. ಗೋಡೆಗೆ ಹಸಿರು ಬಣ್ಣ ಬಳಿದಿದ್ದರು. ನೆಲ ಮಾತ್ರ ಏನನ್ನೂ ಮರೆತಿರಲಿಲ್ಲ. ಬಿಸಿಲೇರಿದಂತೆಲ್ಲ ಮುಚ್ಚಿದ ಚರಂಡಿಗಳಿಂದ ಬೆಂದ ಹುಳುವಿನ ವಾಸನೆ ಮೆಲ್ಲಗೆ ಎದ್ದು ಬಂದು, ಯಾರನ್ನೋ ಹುಡುಕುವ ಹಾಗೆ ಮಂಚದಿಂದ ಮಂಚಕ್ಕೆ ಸುಳಿಯುತ್ತಿತ್ತು.

ಪ್ರತಿ ಮಂಚದ ಮೇಲೂ ಒಬ್ಬೊಬ್ಬರು ಹೊದ್ದು ಮಲಗಿದ್ದರು. ಯಾರೂ ನರಳುತ್ತಿರಲಿಲ್ಲ, ಕೆಮ್ಮುತ್ತಿರಲಿಲ್ಲ. ನಡುಹಗಲಲ್ಲಿ, ನೆಟ್ಟಗೆ, ಕಣ್ಣು ಮುಚ್ಚಿಕೊಂಡು. ಪ್ರತಿಯೊಬ್ಬರ ಮಣಿಕಟ್ಟಿಗೂ ಒಂದು ನಳಿಗೆ, ತಲೆಯ ಮೇಲೊಂದು ಬಾಟಲಿ. ಯಾವ ಬಾಟಲಿಯಿಂದಲೂ ಒಂದು ಹನಿ ಇಳಿಯುತ್ತಿರಲಿಲ್ಲ.

“ಹೊಸಬ್ರಾ?” ಪಕ್ಕದ ಮಂಚದಿಂದ ಮುದಿ ಗಂಡಸಿನ ದನಿ ಬಂತು. ತುಟಿ ಅಲ್ಲಾಡಿದ್ದೂ ಕಾಣಲಿಲ್ಲ.

“ಹೂಂ.”

“ಕಣ್ ಬುಡ್ಬ್ಯಾಡಿ ಮತ್ತೆ. ಗೇಟ್ನಾಗೆ ಗಂಟೆ ಹೊಡುದ್ರೆ ಚೆಕಿಂಗ್ನೋರು ಬಂದ್ರು ಅಂತ. ಆಗಂತೂ ಎರಡ್ನೇ ಗಂಟೆ ಆಗೋಗಂಟ ಉಸ್ರೂ ಮೆಲ್ಲಗೆ ಬುಡ್ಬೇಕು. ನಾನು ಮಾಗಡಿ ಕಡ್ಯೋನು, ಚಿಕ್ಕಹನುಮಯ್ಯ ಅಂತ. ಮಗ ಬಿಡದಿ ಫ್ಯಾಕ್ಟ್ರೀಲಿ ಪರ್ಮನೆಂಟು.”

“ನಿಮಗೂ ಅದೇ ಕಾಯಿಲೆನಾ ಯಜಮಾನ್ರೆ?”

“ಅದೇಯ. ರಕ್ತದ್ದು. ಆದ್ರೆ ನೋಡಿ, ಬೆಳಿಗ್ಗೆ ಹಸ ಕರ್ದು, ಎರಡ್ ಹೊರೆ ಹುಲ್ ಕುಯ್ದು, ಬಸ್ ಹತ್ತಿ ಬಂದಿವ್ನಿ. ಬಂದ್ ಮ್ಯಾಲೆ ರೋಗಿ. ಮನೇಲಿ ನುಂಗುದ್ರೆ ಆ ಇನ್ಸೂರೆನ್ಸ್ನೋರು ಕಾಸು ಕೊಡಾಕಿಲ್ಲ. ಇಲ್ಲಿ ಮಲಗಿ ನುಂಗುದ್ರೆ ಕೊಡ್ತಾರೆ. ಅಲ್ಲಾ, ಹೊಟ್ಟೆ ಒಳಗಿರೋ ಮಾತ್ರೆಗೆ ಹೆಂಗ್ ಗೊತ್ತಾಯ್ತದೆ ಕಣವ್ವಾ, ನಾನು ನಿಂತಿವ್ನಾ ಮಲಗಿವ್ನಾ ಅಂತ?”

ಯಾವುದೋ ಮಂಚದ ಹೊದಿಕೆಯೊಳಗೆ ಹೆಂಗಸೊಬ್ಬಳು ನಕ್ಕಳು. ಮುಖವಿಲ್ಲದ ಆ ನಗು ಒಂದು ಗಳಿಗೆ ಹಾಲ್‌ನಲ್ಲಿ ಓಡಾಡಿ ಆರಿಹೋಯಿತು.

ಆ ನಿಯಮ ಭಾನುಪ್ರಿಯಳಿಗೆ ಬಾಯಿಪಾಠ. ಕನಿಷ್ಠ ಒಂದು ಹಗಲು, ಒಂದು ರಾತ್ರಿ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರೆ ಅದು ಚಿಕಿತ್ಸೆ. ಮನೆಯಲ್ಲಿ ಕೂತು ದಿನಕ್ಕೊಂದು ಮಾತ್ರೆ ನುಂಗಿ ಜೀವ ಉಳಿಸಿಕೊಂಡರೆ ಅದು ಚಿಕಿತ್ಸೆಯಲ್ಲ, ಸ್ವಂತ ಖರ್ಚು. ಎಷ್ಟೋ ಬಿಲ್ಲುಗಳನ್ನು ಆ ಒಂದು ಸಾಲಿನಿಂದಲೇ ಅವಳು ವಾಪಸು ಕಳಿಸಿದ್ದಳು. ಆ ಸಾಲು ಮಂಚಗಳಾಗಿ, ಹೊದಿಕೆಗಳಾಗಿ, ಹನಿ ಇಳಿಯದ ಬಾಟಲಿಗಳಾಗಿ ಎದುರಿಗೆ ಬಂದು ಮಲಗಿದ್ದನ್ನು ನೋಡಿದ್ದು ಇವತ್ತೇ.

“ಈ ಹಾಸಿಗೆಗೆ ಯಾವಾಗ್ಲೂ ಬರೋದು ಯಾರು?”

“ಚಿಕ್ಕಲಕ್ಷ್ಮವ್ವ,” ಎಂದ ಚಿಕ್ಕಹನುಮಯ್ಯ. “ಮೊದ್ಲು ಒಬ್ರು ಬತ್ತಿದ್ರು. ಈಗ ಒಬ್ರು ಬತ್ತಾರೆ. ಇಬ್ರೂ ಚಿಕ್ಕಲಕ್ಷ್ಮವ್ವನೇಯ. ನಾವು ಕಣ್ ಬುಡಾಕಿಲ್ವಲ್ಲ, ನಮ್ಗೆಂಗ್ ಗೊತ್ತಾಯ್ತದೆ?”

ಅವಳ ಕೈ ದಿಂಬಿನ ಕೆಳಗೆ ಹೋಯಿತು. ದಿಂಬಿಗೂ ಹಾಸಿಗೆಗೂ ನಡುವೆ ಏನೋ ತಣ್ಣಗೆ ತಗುಲಿತು.

ಎರಡು ವೀಳ್ಯದೆಲೆ. ಒಳಗೆ ಅಡಿಕೆ ಚೂರು, ಸುಣ್ಣದ ಗುಳಿಗೆ, ಒಂದು ಎಸಳು ಹೊಗೆಸೊಪ್ಪು. ಹಿಂದಿನ ಸಲದ್ದಿರಬೇಕು, ಎಲೆ ಒಣಗಿ ಗರಿಗರಿಯಾಗಿತ್ತು. ಕೈಗೆ ಬಂದ ತಣ್ಣನೆಯದು ಎಲೆಯಲ್ಲ, ಅದರ ಮೇಲಿಟ್ಟಿದ್ದ ಕಾಲುಂಗುರದಷ್ಟು ದೊಡ್ಡ ಕರಿಯ ಕಲ್ಲು.

ಭಾನುಪ್ರಿಯ ಎಲೆಯನ್ನು ಇದ್ದಲ್ಲೇ ಬಿಟ್ಟು ಕೈ ಹಿಂದಕ್ಕೆ ಎಳೆದುಕೊಂಡಳು. ತಿನ್ನಲು ತಂದಿದ್ದರೆ ಅಡಗಿಸಿಡುತ್ತಿರಲಿಲ್ಲ. ಹೀಗೆ ಎಲೆ ಅಡಿಕೆ ಮಡಚಿ, ಮೇಲೊಂದು ಕಲ್ಲು ಹೇರಿ ಇಡುವುದು ಬದುಕಿರುವವರಿಗಲ್ಲ. ಹೋದವರಿಗೆ ಅವರ ಇಷ್ಟದ್ದನ್ನು ಎಡೆ ಇಡುವುದು ಹೀಗೆ. ಅಂದರೆ ಇಲ್ಲಿ ಬಂದು ಮಲಗುವವಳು ಬಾಡಿಗೆಗೆ ಬಂದವಳಲ್ಲ. ಅವಳಿಗೆ ಚಿಕ್ಕಲಕ್ಷ್ಮಮ್ಮ ಗೊತ್ತು, ಸತ್ತದ್ದೂ ಗೊತ್ತು, ಹೊಗೆಸೊಪ್ಪಿನ ಚಟವೂ ಗೊತ್ತು. ಪ್ರತಿ ತಿಂಗಳೂ ಇಲ್ಲಿ ಮಲಗುವ ಮುಂಚೆ ಅವಳು ಹಾಸಿಗೆಯ ಯಜಮಾನಿಯ ಅಪ್ಪಣೆ ಕೇಳುತ್ತಿದ್ದಾಳೆ.

ಬರಿಗಾಲಿನ ಹೆಜ್ಜೆಗಳು ಬಂದದ್ದು ಆಗಲೇ.

ಹೆಜ್ಜೆ ಮಂಚದ ಬುಡದಲ್ಲಿ ನಿಂತಿತು. ಹರಳೆಣ್ಣೆಯ ವಾಸನೆ. ಬಳೆಯ ಸದ್ದು ಒಮ್ಮೆ ಆಗಿ, ಯಾರೋ ಹಿಡಿದುಕೊಂಡ ಹಾಗೆ ನಿಂತುಹೋಯಿತು. ಆಮೇಲೆ ಅವಳ ಪಾದಗಳ ಮೇಲೆ, ಹೊದಿಕೆಯ ಮೇಲಿಂದಲೇ, ಎರಡು ಬಿಸಿ ಅಂಗೈಗಳು ಬಿದ್ದವು.

“ದೊಡ್ಡವ್ವ,” ಎಂದಿತು ಎಳೆಯ ದನಿ. ಪಿಸುಗುಟ್ಟುತ್ತಿತ್ತು. “ತೆಪ್ಪಾಯ್ತು ಕಣ್ ದೊಡ್ಡವ್ವ. ನಿಮ್ ಜಾಗಕ್ಕೆ ಆಸೆಬಿದ್ದು ಬಂದೋಳಲ್ಲ ನಾನು. ಬ್ಯಾರೆ ದಾರಿ ಇರ್ನಿಲ್ಲ. ಇದೊಂದ್ ಸಾರಿ ಬುಟ್ಬುಡಿ.”

ಭಾನುಪ್ರಿಯ ಎದ್ದು ಕೂರಬೇಕಿತ್ತು. ಕೂರಲಿಲ್ಲ. ಹೊದಿಕೆಯೊಳಗಿಂದ, ತನ್ನದಲ್ಲದ ದನಿಯಲ್ಲಿ, ಕೇಳಿದಳು:

“ನನ್ ಮಾತ್ರೆ ಯಾರಿಗ್ ಕೊಡ್ತಿದ್ದೀಯವ್ವ?”

ಅಂಗೈಗಳು ಪಾದ ಬಿಡಲಿಲ್ಲ.

“ನಮ್ಮನೆಯೋರಿಗೆ. ಮಧುಕುಮಾರನಿಗೆ, ನಿಮ್ ಮಗ ಲೋಕೇಶಣ್ಣನ ಫ್ರೆಂಡು. ನಿಮ್ಗೇ ಗೊತ್ತಲ್ಲ ದೊಡ್ಡವ್ವ. ನಿಮ್ಗೆ ಬಂದಿದ್ದೇ ಅವ್ರಿಗೂ ಬಂತು. ಲೋಕೇಶಣ್ಣ ಪರ್ಮನೆಂಟು, ತಾಯಿಗೂ ಇನ್ಸೂರೆನ್ಸ್ ಐತೆ. ಇವ್ರು ಅದೇ ಮಿಸನ್ ಪಕ್ಕದಾಗೆ ನಿಂತ್ರೂ ಕಾಂಟ್ರಾಕ್ಟು. ಇವ್ರಿಗೆ ಏನೂ ಇಲ್ಲ. ನೀವ್ ಹೋದ್ ಮ್ಯಾಲೆ ಲೋಕೇಶಣ್ಣನೇ ಅಂದ್ರು, ಅವ್ವನ ಹೆಸ್ರು ಇನ್ನೂ ತಗ್ಸಿಲ್ಲ, ನೀನ್ ಹೋಗಿ ಮಲೀಕೊ ನಯನಾ, ಅವ್ವ ಏನೂ ಅಂದ್ಕಳಾಕಿಲ್ಲ ಅಂತ.” ದನಿ ಒಡೆಯಿತು. “ಅಂದ್ಕಂಡ್ರಾ ದೊಡ್ಡವ್ವ? ಅದ್ಕೇ ಬಂದ್ರಾ? ಈ ಹಾಸಿಗೇಲಿ ಮಲಗ್ದಾಗೆಲ್ಲ ನಂಗೆ ನಿಮ್ ಕೆಮ್ಮು ಬತ್ತದೆ. ಮನೆಗ್ ಹೋದ್ರೂ ಯಾರಾರಾ ಲಕ್ಷ್ಮವ್ವ ಅಂದ್ರೆ ತಿರುಗ್ ನೋಡ್ತೀನಿ.”

ಭಾನುಪ್ರಿಯ ಹೊದಿಕೆ ಸರಿಸಿದಳು.

ನಯನಾ ಚೀರಲಿಲ್ಲ. ಇಪ್ಪತ್ತೈದು ದಾಟಿರದ ಹುಡುಗಿ, ತೋಳಿಗೆ ನೇತುಹಾಕಿದ ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಫ್ಲಾಸ್ಕು, ಚಮಚೆ. ಭಾನುಪ್ರಿಯಳ ಮುಖವನ್ನು ದಿಟ್ಟಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಸತ್ತವಳು ಎದ್ದು ಬಂದಿದ್ದರೇ ವಾಸಿಯಿತ್ತು ಎಂದುಕೊಂಡವಳ ಮುಖ ಅದು.

“ಇನ್ಸೂರೆನ್ಸ್ನೋರಾ?”

“ಹೌದು.”

“ದೆವ್ವ ಆಗಿದ್ರೆ ಕಾಲ್ ಹಿಡ್ಕಬೋದಾಗಿತ್ತು,” ಎಂದಳು ನಯನಾ. “ನಿಮ್ ಕಾಲ್ ಹಿಡುದ್ರೆ ಏನಾಯ್ತದೆ?”

“ಇಲ್ಲಿ ಕೂತ್ಕೊಳ್ಳಿ. ಮಧುಕುಮಾರ್ ಹೇಗಿದ್ದಾರೆ ಈಗ?”

“ಮಾತ್ರೆ ತಪ್ಸಿಲ್ಲ. ಆದ್ರೂ ಇಳೀತಾವ್ರೆ. ಬೆಂಗ್ಳೂರ್ ದೊಡ್ಡಾಸ್ಪತ್ರೆ ಡಾಕ್ಟ್ರು ರಕ್ತ ನೋಡಿ ಬೈದ್ರು, ಮಾತ್ರೆ ನುಂಗ್ತಾನೇ ಇಲ್ಲ ನೀನು ಅಂತ. ಇವ್ರು ದೇವ್ರಾಣೆ ಮಾಡುದ್ರೂ ನಂಬ್ನಿಲ್ಲ. ನುಂಗೋದು ನಾನು ಕಣ್ಣಾರ ನೋಡೀನಿ ಮೇಡಂ. ಹೋದ್ ತಿಂಗ್ಳು ಎರಡ್ ಸಾರಿ ವಾಂತಿಯಾಯ್ತು ಅಂತ ಬುಟ್ರು, ಅಷ್ಟೇಯ. ಅದು ಉಳ್ಕಂಡೈತೆ, ಡಬ್ಬಿ ವಾಪಸ್ ಕೊಡಾಕೆ ತಂದಿವ್ನಿ.”

“ಡಬ್ಬಿ ಯಾಕೆ ವಾಪಸ್ ಕೊಡ್ಬೇಕು?”

“ಹಳೇ ಡಬ್ಬಿ ಕೊಟ್ರೇನೇ ಹೊಸ್ದು ಕೊಡಾದು. ಎಲ್ರಿಗೂ ಅಂಗೇಯ.”

“ಹೊಸದಕ್ಕೆ ಸೀಲ್ ಇರುತ್ತಾ?”

“ಅವ್ರೇ ಒಡ್ದು, ಎಣ್ಸಿ ಕೊಡ್ತಾರೆ.”

ಮತ್ತೆ ತುಂಬುವವರಿಗಲ್ಲದೆ ಖಾಲಿ ಡಬ್ಬಿಯಿಂದ ಯಾರಿಗೇನು ಉಪಯೋಗ? ಭಾನುಪ್ರಿಯ ಕೈ ಚಾಚಿದಳು. ಬಿಳಿ ಡಬ್ಬಿ. ತಳದಲ್ಲಿ ಎರಡು ಮಾತ್ರೆ. ಒಂದನ್ನು ಅಂಗೈಗೆ ಹಾಕಿಕೊಂಡಳು.

ಅರಿಶಿನಕ್ಕೆ ಒಂದಿಷ್ಟು ಕೆಂಪು ಬೆರೆಸಿದ ಬಣ್ಣ. ಬಣ್ಣ ಸರಿಯಾಗಿಯೇ ಇತ್ತು. ಸರಿಯಿಲ್ಲದಿದ್ದದ್ದು ಹೊಳಪು. ಮಾತ್ರೆ ಮಿರಮಿರ ಮಿಂಚುತ್ತಿತ್ತು. ಅದರ ಉಬ್ಬಿನ ಮೇಲೆ ಎದುರಿನ ಕಿಟಕಿ, ಕಿಟಕಿಯ ಸರಳು, ಸರಳಿನಾಚೆಗಿನ ಬಂಡೆ, ಎಲ್ಲವೂ ಸಾಸಿವೆಯಷ್ಟು ಚಿಕ್ಕದಾಗಿ ಕೂತಿದ್ದವು. ಅಂಗೈ ಅಲ್ಲಾಡಿಸಿದರೆ ಬಂಡೆಯೂ ಅಲ್ಲಾಡಿತು.

“ಫ್ಲಾಸ್ಕಿನಲ್ಲಿ ಏನಿದೆ?”

“ಹಾಲ್ ಹಾಕ್ದಿರೋ ಟೀ. ಈಗ್ತಾನೆ ಹೋಟ್ಲಲ್ಲಿ ತುಂಬುಸ್ಕಂಡ್ ಬಂದೆ.”

ಮುಚ್ಚಳದ ತುಂಬ ಕುದಿಬಿಸಿ ಟೀ ಬಗ್ಗಿಸಿ ಅವಳು ಮಾತ್ರೆಯನ್ನು ಅದರೊಳಗೆ ಬಿಟ್ಟಳು. ಇಬ್ಬರೂ ಬಗ್ಗಿ ನೋಡಿದರು. ಹೊಟ್ಟೆಗೆ ಹೋಗಿ ಕರಗಬೇಕಾದ ಮಾತ್ರೆ ಬಿಸಿಗೆ ಬಿರುಕು ಬಿಡಬೇಕಿತ್ತು, ಹಿಟ್ಟಾಗಿ ಉದುರಬೇಕಿತ್ತು. ಅದು ಏನೂ ಆಗದೆ ತಳದಲ್ಲಿ ಕಣ್ಣಿನ ಹಾಗೆ ಕೂತು ಮೇಲಕ್ಕೆ ನೋಡುತ್ತಿತ್ತು. ಚಮಚೆಯಿಂದ ಎತ್ತಿ ಬೆರಳುಗಳ ನಡುವೆ ಹಿಡಿದು ಬಿಟ್ಟಾಗ, ಮೇಲಿನ ಬಣ್ಣ ಬಿಡಲೊಲ್ಲದೆ ಎಳೆಯಾಗಿ ಜಗ್ಗಿ ಬಂತು. ಒಂದು ಚಿನ್ನದ ದಾರ. ಸಿಪ್ಪೆ ಸುಲಿದಲ್ಲಿ ಒಳಗೆ ಸೀಮೆಸುಣ್ಣದ ಬಿಳುಪು.

ಭಾನುಪ್ರಿಯ ಬೆರಳನ್ನು ಮೂಗಿನ ಹತ್ತಿರ ತಂದಳು. ಅವಳೊಳಗೆ ಚನ್ನಪಟ್ಟಣದ ಒಂದು ಬೀದಿ ಪೂರ್ತಿ ಎದ್ದು ನಿಂತಿತು. ತಿರುಗುವ ಲೇತು, ಅದಕ್ಕೆ ಒತ್ತಿ ಹಿಡಿದ ಬಣ್ಣದ ಕಡ್ಡಿ, ಉಜ್ಜುವ ಬಿಸಿಗೇ ಕರಗಿ ಮರಕ್ಕೆ ಮೆತ್ತಿಕೊಳ್ಳುವ ಅರಗು, ಅಪ್ಪನ ತೋಳಿನ ಮೇಲಿನ ಮರದ ಹೊಟ್ಟು. ಅರಗು ಮೆತ್ತಿದರೆ ಬೊಂಬೆ ಮುಗಿಯಿತೆಂದಲ್ಲ. ತಾಳೆಗರಿ ಮಡಚಿ, ಲೇತು ತಿರುಗಿಸುತ್ತ, ಮುಖ ಕಾಣುವವರೆಗೂ ಉಜ್ಜಬೇಕು. ಮಂಕಾಗಿ ಬಿಟ್ಟ ಬೊಂಬೆಯನ್ನು ಅಪ್ಪ ಅಂಗಡಿಗೆ ಕಳಿಸುತ್ತಿರಲಿಲ್ಲ, ಒಲೆಗೆ ಹಾಕುತ್ತಿದ್ದ.

ಇದನ್ನು ಮಾಡಿದವನಿಗೂ ಹಾಗೆ ಬಿಡಲು ಮನಸ್ಸು ಬಂದಿಲ್ಲ. ಯಾವ ಔಷಧ ಕಾರ್ಖಾನೆಯೂ ಮಾತ್ರೆಯನ್ನು ಇಷ್ಟು ಹೊಳೆಯಿಸುವುದಿಲ್ಲ. ಸುಳ್ಳು ಮಾಡಲು ಕೂತವನ ಕೈ, ಸುಳ್ಳನ್ನು ಮಂಕಾಗಿ ಬಿಡಲಾರದೆ, ಅಭ್ಯಾಸಬಲದಿಂದ ಒಂದು ಸುತ್ತು ಹೆಚ್ಚಿಗೆ ಉಜ್ಜಿಬಿಟ್ಟಿತ್ತು. ಲೋಕದಲ್ಲಿ ಬೇರೆಲ್ಲೂ ಯಾವ ಕಳ್ಳನೂ ಮಾಡದ ತಪ್ಪು ಅದು. ತನ್ನೂರಿನ ತಪ್ಪು.

“ಚಿಕ್ಕಲಕ್ಷ್ಮಮ್ಮ ನುಂಗ್ತಿದ್ದಿದ್ದೂ ಇದೇ ಥರದ್ದಾ?”

“ಇದೇಯ. ಸಾಯೋವರ್ಗೂ. ಚೆನ್ನಾಗೈತಲ್ಲ, ಗೋಲಿ ಇದ್ದಂಗೆ ಅಂತ ಮೊಮ್ಮಕ್ಳಿಗೆ ತೋರುಸ್ತಿದ್ರು.” ನಯನಾಳ ಕಣ್ಣು ಚಮಚೆಯ ಮೇಲಿಂದ ಭಾನುಪ್ರಿಯಳ ಬೆರಳಿಗೆ, ಬೆರಳಿನಿಂದ ಡಬ್ಬಿಗೆ ಹೋಗಿ ಬಂತು. “ಮೇಡಂ. ಇದು ಮಾತ್ರೆ ಅಲ್ವಾ?”

ಗೇಟಿನಲ್ಲಿ ಗಂಟೆ ಹೊಡೆಯಿತು.

ಹಾಲ್ ಒಂದೇ ಏಟಿಗೆ ಸತ್ತಿತು. ಎಲ್ಲೋ ಬಿಚ್ಚುತ್ತಿದ್ದ ಟಿಫನ್ ಡಬ್ಬಿ ಅರ್ಧಕ್ಕೇ ನಿಂತಿತು. ಮಂಚಗಳು ಕಿರುಗುಟ್ಟಿ ಸುಮ್ಮನಾದವು. ಚಿಕ್ಕಹನುಮಯ್ಯ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡ. ಭಾನುಪ್ರಿಯ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಹೊದಿಕೆಯೊಳಗೆ ಜಾರಿದಳು. ನಯನಾ ರೋಗಿಯ ಕಡೆಯವಳ ಹಾಗೆ ನೆಲದ ಮೇಲೆ ಕೂತಳು.

ಬೂಟುಗಾಲಿನ ಸದ್ದು ನಿಧಾನವಾಗಿ ಸಾಲಿನುದ್ದಕ್ಕೂ ಬಂತು. ಪ್ರತಿ ಮಂಚದ ಬಳಿ ನಿಂತು, ಏನೋ ಯೋಚಿಸಿ, ಮುಂದಕ್ಕೆ ಬರುತ್ತಿತ್ತು. ಸಂತೆಯಲ್ಲಿ ಎತ್ತು ನೋಡುವವರು ನಿಲ್ಲುವಷ್ಟು ಹೊತ್ತು. ಅದು ಅವಳ ಮಂಚದ ಬುಡದಲ್ಲಿ ನಿಂತಿತು.

“ಮೇಡಂ, ಕಾಲು ಹೊರಗೆ ಬಂದೈತೆ,” ಎಂದಿತು ನಯವಾದ ಗಂಡು ದನಿ. “ಉಗುರಿಗೆ ಬಣ್ಣ ಹಚ್ಕೊಂಡು ಮಣ್ಣಾದೋರು ಬೈರಾಪಟ್ಟಣದಾಗೆ ಇಲ್ಲ.”

ಭಾನುಪ್ರಿಯ ಎದ್ದು ಕೂತಳು.

ಬಂದದ್ದು ಹೊರಗಿನ ಚೆಕಿಂಗಿನವರಲ್ಲ. ನರ್ಸಿಂಗ್ ಹೋಮಿನ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ರಾಮಲಿಂಗಯ್ಯ ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮನುಷ್ಯ. ಹಣೆಯಲ್ಲಿ ವಿಭೂತಿ. ಸ್ಟೂಲ್ ಎಳೆದುಕೊಂಡು ಕೂತು, ಬಂಧುಗಳ ಮನೆಗೆ ಬಂದವನ ಹಾಗೆ ಮುಗುಳ್ನಕ್ಕ.

“ನಿಮ್ ಆಫೀಸಿಂದ ಯಾರಾದ್ರೂ ಬತ್ತಾರೆ ಅಂತ ಗೊತ್ತಿತ್ತು. ಬಂದು ಮಲೀಕತಾರೆ ಅಂತ ಗೊತ್ತಿರ್ಲಿಲ್ಲ. ಹೆಂಗೈತೆ ಹಾಸಿಗೆ?”

ಅವಳು ಮುಷ್ಟಿ ಬಿಚ್ಚಿ ಡಬ್ಬಿ ತೋರಿಸಿದಳು. “ಇದೇನು?”

“ಮಾತ್ರೆ.”

“ಅರಗು. ಒಳಗೆ ಸೀಮೆಸುಣ್ಣ.”

ರಾಮಲಿಂಗಯ್ಯನ ಮುಗುಳುನಗೆ ಹೋಗಲಿಲ್ಲ. ಅದು ಸ್ವಲ್ಪ ದಣಿಯಿತು, ಅಷ್ಟೆ.

“ಚನ್ನಪಟ್ಟಣದೋರಾ ನೀವು? ಹಂಗಾದ್ರೆ ನಾನು ಸುಳ್ಳು ಹೇಳಿ ಪ್ರಯೋಜನ ಇಲ್ಲ. ಅವ್ನಿಗೆ ಬಡ್ಕಂಡಿದ್ದೆ ಮೇಡಂ, ಇಷ್ಟು ಮಿರುಗಿಸಬ್ಯಾಡ ಕಣ್ಲಾ ಅಂತ. ಕೇಳ್ನಿಲ್ಲ. ಕೈ ತಡಿಯಾಕಿಲ್ಲ ಅಂದ.”

“ಯಾರು?”

“ಅದು ಇನ್ನೊಂದಿನ ಹೇಳ್ತೀನಿ. ನಿಮಗೆ ಗೊತ್ತಿರೋರೇ.”

ಮಂಕು ಬೊಂಬೆಗಳನ್ನು ಒಲೆಗೆ ಹಾಕುತ್ತಿದ್ದ ಕೈ ಅವಳ ಕಣ್ಣ ಮುಂದೆ ಬಂತು. ಅವನು ಅವಳಿಗೆ ಅದನ್ನು ಯೋಚಿಸಲು ಬೇಕಾದಷ್ಟು ಹೊತ್ತು ಕೊಟ್ಟು, ಮಂಚಗಳ ಕಡೆ ಕೈ ತೋರಿಸಿದ.

“ಕೇಳಿ. ಇಷ್ಟು ಜನ ಮಲಗವ್ರೆ. ಬಿಲ್ಲು ಕಳ್ಸಿದ್ರೆ ನಿಮ್ಮೋರು ಒಂದಕ್ಕೆ ಆ ಕಾಗ್ದ ಇಲ್ಲ ಅಂತಾರೆ, ಇನ್ನೊಂದಕ್ಕೆ ಕಾಯಿಲೆ ಮೊದ್ಲೇ ಇತ್ತು ಅಂತಾರೆ, ಮತ್ತೊಂದಕ್ಕೆ ಮಿತಿ ಮುಗೀತು ಅಂತಾರೆ. ಕೊನೆಗೆ ಬರೋ ಕಾಸಿನಾಗೆ ನಿಜವಾದ್ದು ಇಬ್ರಿಗೆ ಸಾಕಾಯ್ತದೆ. ಮಿಕ್ಕೋರಿಗೆ ಇಲ್ಲ ಅನ್ಲಾ? ಇಲ್ಲ ಅನ್ನೋದು ನಿಮ್ ಆಫೀಸು. ನಾನು ಯಾರಿಗೂ ಇಲ್ಲ ಅಂದೋನಲ್ಲ. ಎಲ್ರ ಕೈಗೂ ಒಂದು ಡಬ್ಬಿ ಕೊಟ್ ಕಳ್ಸೀನಿ.”

“ಯಾವ ಇಬ್ಬರಿಗೆ ನಿಜವಾದ್ದು ಅಂತ ತೀರ್ಮಾನ ಮಾಡೋದು ಯಾರು?”

“ಹಿಂಗೆ ಸಾಲಿನಾಗೆ ನಡ್ಕಂಡ್ ಹೋಗ್ತೀನಿ. ಮುಖ ನೋಡ್ತೀನಿ.” ತರಕಾರಿಯ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದ. “ಉಳಿಯೋ ಮುಖ ಯಾವ್ದು ಅಂತ ಗೊತ್ತಾಗ್ಬುಡ್ತದೆ.”

“ಚಿಕ್ಕಲಕ್ಷ್ಮಮ್ಮನ ಮುಖ?”

“ಉಳಿಯೋ ಮುಖ ಅಲ್ಲ ಅದು.”

“ನೀವು ಸುಣ್ಣ ಕೊಟ್ಟಿದ್ದಕ್ಕೆ ಸತ್ತರು.”

“ಏನೂ ಕೊಡದೆ ಇದ್ದಿದ್ರೆ?” ರಾಮಲಿಂಗಯ್ಯ ಕೇಳಿದ. “ನಿಮ್ ಆಫೀಸು ಕೊಡೋದು ಅದೇ ಅಲ್ವಾ?”

ನೆಲದ ಮೇಲೆ ಕೂತಿದ್ದ ನಯನಾ ಈಗ ಎದ್ದು ನಿಂತಳು. ಬಾಗಿಲಿನಾಚೆ, ಗೇಟಿನ ಪಕ್ಕದ ಹೊಂಗೆಯ ನೆರಳಿನಲ್ಲಿ, ಕಲ್ಲುಚಪ್ಪಡಿಯ ಮೇಲೆ ಒಬ್ಬ ಯುವಕ ಕೂತಿದ್ದ. ಕಾರ್ಖಾನೆಯ ನೀಲಿ ಅಂಗಿ ಭುಜದಿಂದ ಜೋತುಬಿದ್ದು, ಒಳಗೆ ಮೈಯೇ ಇಲ್ಲವೇನೋ ಎನ್ನುವಂತಿತ್ತು. ಹೆಂಡತಿ ಮಲಗುವ ದಿನವೆಲ್ಲ ಅವನು ಅಲ್ಲೇ ಕೂತು ಕಾಯುತ್ತಿದ್ದ. ಮಧುಕುಮಾರ.

“ಅವ್ರ ಮುಖ?” ನಯನಾ ಕೇಳಿದಳು. “ಅವ್ರ ಮುಖ ನೀವು ನೋಡೇ ಇಲ್ವಲ್ಲ. ಸಾಲಿನಾಗೆ ಅವ್ರು ಮಲಗೇ ಇಲ್ಲ. ಮಲಗಿದ್ದು ನಾನು.”

ರಾಮಲಿಂಗಯ್ಯ ಹೊಂಗೆಯ ಕಡೆ ಒಮ್ಮೆ ತಿರುಗಿ ನೋಡಿದ.

ಆಮೇಲೆ ಜೇಬಿಗೆ ಕೈ ಹಾಕಿದ. ಹೊರಬಂದದ್ದು ಇನ್ನೊಂದು ಬಿಳಿ ಡಬ್ಬಿ. ಮುಚ್ಚಳದ ಸುತ್ತ ಸೀಲು ಹಾಗೇ ಇತ್ತು. ಅದನ್ನು ಭಾನುಪ್ರಿಯಳ ಕಡೆ ಚಾಚಲಿಲ್ಲ.

“ನೀವು ತಗೊಳ್ಳೋರಲ್ಲ ಅಂತ ನೋಡಿದ್ರ್ ಗೊತ್ತಾಯ್ತದೆ ಮೇಡಂ. ಇದು ನಿಮಗಲ್ಲ.” ಅವನು ನಯನಾಳ ಕಡೆ ತಿರುಗಿದ. “ತಗೊಳವ್ವ. ಇದು ನಿಜವಾದ್ದು. ಬೇಕಾದ್ರೆ ಮೇಡಂ ಒಡ್ದು ನೋಡ್ಲಿ, ಆ ಟೀಗೇ ಹಾಕ್ಲಿ. ಇನ್ಮ್ಯಾಕೆ ನಿನ್ ಗಂಡಂಗೆ ತಿಂಗ್ಳು ತಿಂಗ್ಳೂ ಇದೇಯ. ನೀನು ಬಂದು ಮಲಗೋದೂ ಬ್ಯಾಡ. ನೀನು ಇಲ್ಲಿಗೆ ಬಂದೇ ಇಲ್ಲ, ಇವ್ರು ನಿನ್ನ ನೋಡೇ ಇಲ್ಲ. ಅಷ್ಟು ಅಂದ್ರೆ ಸಾಕು.”

ಭಾನುಪ್ರಿಯ ಲೆಕ್ಕ ಹಾಕಿದಳು. ಈಗ ಇವನನ್ನು ಹಿಡಿದುಕೊಟ್ಟರೆ ಸಂಜೆಗೆ ಎಲ್ಲಾ ಬಿಲ್ಲೂ ನಿಲ್ಲುತ್ತದೆ. ಪೊಲೀಸು, ಕೋರ್ಟು, ವರ್ಷಗಳು. ಹೊಂಗೆಯ ಕೆಳಗಿನ ಆ ಅಂಗಿಗೆ ವರ್ಷಗಳಿರಲಿ, ಮುಂದಿನ ಅಮಾವಾಸ್ಯೆಯ ಭರವಸೆಯೂ ಇದ್ದಂತಿರಲಿಲ್ಲ. ಹೆಸರು ಹಿಡಿದುಕೊಂಡು ಬಾ ಎಂದಿದ್ದರು ಮನೋಹರ್. ಹೆಸರನ್ನು ಬಿಟ್ಟು ಹೋದರೆ ಒಂದು ಜೀವ ಉಳಿಯುತ್ತದೆ.

ನಯನಾ ಡಬ್ಬಿಯನ್ನು ಮುಟ್ಟದೆ ಬಗ್ಗಿ ನೋಡಿದಳು.

“ಇದು ಯಾರ್ದು?”

“ನಿಂದು.”

“ನಾನ್ ಬರೋಕ್ಮುಂಚೆ ಯಾರ್ದಾಗಿತ್ತು? ನಿಜವಾದ್ದು ಇಬ್ರಿಗೇ ಬರಾದು ಅಂದ್ರಲ್ಲ.”

ರಾಮಲಿಂಗಯ್ಯನ ಕಣ್ಣು, ಬೇಡವೆಂದರೂ, ಪಕ್ಕದ ಮಂಚಕ್ಕೆ ಹೋಗಿ ಬಂತು.

ಚಿಕ್ಕಹನುಮಯ್ಯ ಎದೆಯ ಮೇಲೆ ಕೈ ಜೋಡಿಸಿಕೊಂಡು, ಕಣ್ಣು ಮುಚ್ಚಿ, ನೆಟ್ಟಗೆ ಮಲಗಿದ್ದ. ಎರಡನೇ ಗಂಟೆ ಇನ್ನೂ ಆಗಿರಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣಾಲಿಗಳು ಅತ್ತಿತ್ತ ಓಡುತ್ತಿದ್ದವು. ತಗೊ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಎದೆಯ ಮೇಲಿದ್ದ ಬೆರಳುಗಳು ಮಾತ್ರ ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ಹುಲ್ಲು ಕುಯ್ದ ಹಸಿರು ಉಗುರ ಸಂದಿಯಲ್ಲಿ ಇನ್ನೂ ಇತ್ತು.

“ಅವ್ರು ವಯಸ್ಸಾದೋರು,” ಎಂದ ರಾಮಲಿಂಗಯ್ಯ ಮೆಲ್ಲಗೆ. “ನಿನ್ ಗಂಡಂಗೆ ಇನ್ನೂ ಮೂವತ್ತಾಗಿಲ್ಲ. ಅವ್ರಿಗೂ ಡಬ್ಬಿ ಇಲ್ಲ ಅನ್ನಾಕಿಲ್ಲ ನಾನು. ಬ್ಯಾರೇದು ಕೊಡ್ತೀನಿ.”

ಹಾಲ್‌ನಲ್ಲಿ ಮಲಗಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಂದು ಹೊದಿಕೆಯೂ ಅಲ್ಲಾಡಲಿಲ್ಲ.

“ತಗೊಳ್ಳಿ ನಯನಾ,” ಎಂದಳು ಭಾನುಪ್ರಿಯ.

ಹೇಳಿದ ಮೇಲೆ, ಹೇಳಿದ್ದು ತಾನೇ ಎಂದು ಅವಳಿಗೆ ಗೊತ್ತಾಯಿತು. ಹೊದಿಕೆಯೊಳಗಿಂದ ಮಾತಾಡಿದ ದನಿಗಿಂತ ಇದು ಹೆಚ್ಚು ಪರಕೀಯವಾಗಿತ್ತು. ರಾಮಲಿಂಗಯ್ಯ ಅವಳನ್ನು ನೋಡಿ, ಒಪ್ಪಿಗೆಯಾಯಿತೆಂಬಂತೆ ತಲೆಯಾಡಿಸಿದ.

ನಯನಾ ಬಾಗಿಲಿನ ಕಡೆ ನೋಡಿದಳು. ಹೊಂಗೆಯ ಕೆಳಗಿನವನು ಅವಳನ್ನು ಕಂಡು ಕೈ ಎತ್ತಿದ. ಕೆಲಸ ಆಯ್ತಾ ಎಂದು ಸನ್ನೆಯಲ್ಲೇ ಕೇಳಿದ. ಅವಳು ಅವನಿಗೆ ಯಾವ ಸನ್ನೆಯನ್ನೂ ಮಾಡಲಿಲ್ಲ. ಬಹಳ ಹೊತ್ತು ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದಿಂದ ಅಂಜಿಕೆ, ಅಳು ಎಲ್ಲವೂ ಇಳಿದು ಹೋಗಿ, ಉಳಿದದ್ದು ಬರೀ ಮುಖ.

“ಕೈ ನೋಯ್ತೈತೆ ಕಣವ್ವ, ಹಿಡ್ಕ,” ಎಂದ ರಾಮಲಿಂಗಯ್ಯ.

“ಬ್ಯಾಡ,” ಎಂದಳು ನಯನಾ.

“ಒಸಿ ಯೋಚ್ನೆ ಮಾಡಿ ಹೇಳು. ಅಲ್ಲಿ ಕುಂತೋನ್ನ ನೋಡಿ ಹೇಳು.”

“ನೋಡೇ ಹೇಳ್ತಿವ್ನಿ. ತಗಳಾಕಿಲ್ಲ.”